ಎರಡು ಗಂಟೆಯ ಮುತ್ತು

"ನಿನ್ನ ಫೋನಿನಲ್ಲಿ ಈಗ ಗಂಟೆ ಎಷ್ಟು, ಝುವೇನಾ?"

"ನಾಲ್ಕೂ ಕಾಲು."

"ಬಿಸಿಲು ನೋಡಿ ಹೇಳು. ನಿನ್ನ ಪ್ರಕಾರ ಎಷ್ಟು?"

"ನಾಲ್ಕೂ ಕಾಲೇ. ಅದರಲ್ಲಿ ಕೇಳೋದೇನಿದೆ ಫುಂಡಿ?"

ಊರವರು ಫುಂಡಿ ಎಂದು ಕರೆಯುವ ರಿಪೇರಿಗಾರ ಮಕುಂಗು ತನ್ನ ಜೇಬಿನಿಂದ ತನ್ನ ಫೋನನ್ನು ತೆಗೆದು ಅವಳ ಫೋನಿನ ಪಕ್ಕದಲ್ಲಿ ಹಿಡಿದನು. ಅದರಲ್ಲಿ ಹತ್ತೂ ಕಾಲು ಆಗಿತ್ತು. ಎರಡು ಫೋನು, ಒಂದೇ ಬಿಸಿಲು, ನಡುವೆ ಆರು ಗಂಟೆಯ ಅಂತರ.

ದ್ವೀಪದಿಂದ ದ್ವೀಪಕ್ಕೆ ತಿರುಗುತ್ತ ರೇಡಿಯೊ, ಗಡಿಯಾರ, ಫೋನು ಸರಿಪಡಿಸಿ ಮೂವತ್ತು ವರ್ಷ ಕಳೆದವನಿಗೆ ಒಂದು ಅಭ್ಯಾಸ ಬೆಳೆದಿತ್ತು. ಕೆಟ್ಟದ್ದು ಯಂತ್ರವೋ ಯಂತ್ರ ಹಿಡಿದ ಕೈಯೋ ಎಂದು ಮೊದಲು ತಿಳಿದುಕೊಳ್ಳದೆ ಅವನು ಬಾಯಿ ಬಿಡುತ್ತಿರಲಿಲ್ಲ.

ದೋಣಿ ಕಟ್ಟುವ ಉಸ್ಸಿ ನಿನ್ನೆ ಮಧ್ಯಾಹ್ನ ತನ್ನ ದೋಣಿಶಾಲೆಯಲ್ಲಿ, ತನ್ನದೇ ಬಾಚಿಯ ಏಟಿಗೆ ತಲೆಯೊಡೆದು ಸತ್ತಿದ್ದನು. ಅವನ ಕಿರಿಯ ಹೆಂಡತಿ ಝುವೇನಾಳನ್ನು ಕೊಲೆಗಾತಿಯೆಂದು ಇಂದು ಪೇಟೆಯ ಪೊಲೀಸರಿಗೆ ಒಪ್ಪಿಸುವುದೆಂದು ಊರು ತೀರ್ಮಾನಿಸಿತ್ತು.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು. ಅಂಥವಳನ್ನು ಒಂದೇ ರಾತ್ರಿ ಕಳೆಯುವಷ್ಟರಲ್ಲಿ ಬಿಳಿ ಬಟ್ಟೆಯಲ್ಲೇ ಹೊರಗೆಳೆದು, ಕಟ್ಟೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಕೂರಿಸಿದ್ದರು. ಅವಳು ತಲೆ ಎತ್ತಿರಲಿಲ್ಲ.

"ಸಾಕು ಮಾರಾಯ," ಎಂದನು ಊರ ಹಿರಿಯ ಫಾಕಿ, ಊರುಗೋಲನ್ನು ನೆಲಕ್ಕೆ ಕುಟ್ಟಿ. "ಅವಳ ಫೋನೇ ಸಾಕ್ಷಿ ಹೇಳ್ತಿದೆಯಲ್ಲ. ಉಸ್ಸಿಯ ಫೋನು ಕೊನೇ ಮುತ್ತು ಕೊಟ್ಟಿದ್ದು ಇವಳ ಫೋನಿಗೆ. ಮುನ್ನೂರ ಹನ್ನೊಂದನೇ ಮುತ್ತು; ಅದಾದ ಮೇಲಿನದು ತಮಗೆ ಬಂತು ಅಂತ ಯಾರೂ ಹೇಳಿಲ್ಲ. ಎರಡು ಗಂಟೆ ಹತ್ತು ನಿಮಿಷಕ್ಕೆ. ಅದಾಗಿ ಸ್ವಲ್ಪ ಹೊತ್ತಿಗೆ ಅವನ ಸುತ್ತಿಗೆ ಸದ್ದು ನಿಂತಿದ್ದನ್ನ ನಾನೇ ಈ ಕಿವಿಯಲ್ಲಿ ಕೇಳಿದೀನಿ."

ಕಿಜಿಂಬಾ ದ್ವೀಪದಲ್ಲಿ ಸಿಗ್ನಲ್ಲಿನ ಗೋಪುರವಿಲ್ಲ. ಆದರೆ ಹಣ ಕೊಡಲು ಗೋಪುರದ ಹಂಗೂ ಇಲ್ಲ. ಎರಡು ಫೋನುಗಳನ್ನು ಬೆನ್ನಿಗೆ ಬೆನ್ನು ತಾಗಿಸಿದರೆ ಟಿಕ್ ಎಂಬ ಸದ್ದಾಗಿ ಹಣ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಕೊಡುವ ಫೋನು ಅದಕ್ಕೆ ತನ್ನ ಸಾಲುಸಂಖ್ಯೆ ಹಾಕುತ್ತದೆ, ಪಡೆಯುವ ಫೋನು ತನ್ನ ಗಂಟೆಯನ್ನು ಬರೆದುಕೊಳ್ಳುತ್ತದೆ. ಹೆಂಗಸರು ಮೊದಲ ದಿನವೇ ಅದಕ್ಕೆ ಮುತ್ತು ಎಂದು ಹೆಸರಿಟ್ಟರು. ಗಂಡಸರು ನಾಚುತ್ತ ನಾಚುತ್ತ ಅದನ್ನೇ ಬಳಸತೊಡಗಿದರು. ಗೇಣು ದೂರದಿಂದ ಮುತ್ತು ಕೊಡಲಾಗದು. ಆದ್ದರಿಂದ ಮುತ್ತು ಬಿದ್ದಿದೆ ಎಂದರೆ ಆ ಇಬ್ಬರೂ ಆ ಗಳಿಗೆಯಲ್ಲಿ ಎದುರುಬದುರು ನಿಂತಿದ್ದರು ಎಂದೇ ಅರ್ಥ.

"ಉಸ್ಸಿಯನ್ನ ನಿನ್ನೆ ಯಾವಾಗ ನೋಡಿದೆ?" ಮಕುಂಗು ಕೇಳಿದನು.

"ಬೆಳಿಗ್ಗೆ ಎರಡು ಗಂಟೆಗೆ," ಎಂದಳು ಝುವೇನಾ. "ಪಾಚಿ ಒಣಗಿಸೋ ದಡದಲ್ಲಿ. ಅಡುಗೆ ದುಡ್ಡು ಕೊಟ್ಟ, ಹೋದ. ಮಧ್ಯಾಹ್ನ ನಾನು ಮನೇಲಿ ಒಬ್ಬಳೇ ಚಾಪೆ ಹೆಣೀತಿದ್ದೆ. ನಾನೂ ಎರಡು ಅಂತೀನಿ, ಫೋನೂ ಎರಡು ಅನ್ನುತ್ತೆ. ಆದ್ರೂ ನಾನೇ ಸುಳ್ಳಿ!"

ನೆರೆದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. "ಫೋನಿನ ಎರಡಕ್ಕೂ ನಮ್ಮ ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದ ಕೂಸು ನೋಡಿ!"

ಆ ನಗೆಯೇ ಮಕುಂಗುವಿಗೆ ಬೇಕಾಗಿತ್ತು.

"ನಗಬೇಡಿ. ಅವಳು ಹೇಳಿದ್ದು ಸರಿಯಾಗೇ ಇದೆ," ಎಂದು ಅವನು ಎದ್ದು ನಿಂತನು. "ನಮ್ಮ ಊರಗಂಟೆ ಸೂರ್ಯನ ಜೊತೆ ಹುಟ್ಟುತ್ತೆ. ಬೆಳಕಾಗಿ ಎರಡು ತಾಸಾದ್ರೆ ನಮಗೆ ಎರಡು ಗಂಟೆ. ಫೋನುಗಂಟೆ ಅದನ್ನ ಎಂಟು ಅನ್ನುತ್ತೆ. ಅದಕ್ಕೇ ನಾವೆಲ್ಲ ಫೋನು ನೋಡಿದ ಕೂಡ್ಲೇ ಮನಸ್ಸಲ್ಲೇ ಆರು ಗಂಟೆ ಹಿಂದೆ ಮುಂದೆ ಮಾಡ್ಕೊಳ್ತೀವಿ. ಫೋನಿನ ಎರಡು ಅಂದ್ರೆ ಮಧ್ಯಾಹ್ನ, ನಮ್ಮ ಎಂಟು. ಹೌದಲ್ಲ?"

"ಹೌದು. ಅದಕ್ಕೇ ಹೇಳೋದು, ಮಧ್ಯಾಹ್ನ ಅವಳು ದೋಣಿಶಾಲೇಲಿ ಇದ್ಳು ಅಂತ," ಎಂದನು ಫಾಕಿ.

"ಝುವೇನಾ, ಈ ಫೋನು ಯಾವತ್ತಾದ್ರೂ ಪೂರ್ತಿ ಸತ್ತುಹೋಗಿತ್ತಾ?"

"ಕೊಂಡ ಹೊಸದರಲ್ಲೇ. ಉಪ್ಪುನೀರು ಹೊಕ್ಕಿತ್ತು. ಒಣಗಿಸಿದ ಮೇಲೆ ಗಂಟೆ ಎಷ್ಟು ಅಂತ ಅದೇ ಕೇಳ್ತು. ನಾನು ಹೇಳಿದೆ."

"ಯಾವ ಗಂಟೆ ಹೇಳಿದೆ?"

"ಇರೋದು ಒಂದೇ ಗಂಟೆಯಲ್ವಾ? ಬಿಸಿಲು ಎಷ್ಟಿತ್ತೋ ಅಷ್ಟು."

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಮಕುಂಗು ಅವಳ ಫೋನನ್ನು ಎತ್ತಿ ಎಲ್ಲರಿಗೂ ತೋರಿಸಿದನು. ಅದು ಹಗಲೋ ಇರುಳೋ ಎಂದು ಹೇಳದ ಅಗ್ಗದ ಯಂತ್ರ; ದ್ವೀಪ ಬಿಟ್ಟು ಎಂದೂ ಹೊರಗೆ ಹೋದದ್ದಲ್ಲ, ಗೋಪುರದ ಮುಖ ಕಂಡದ್ದಲ್ಲ. ಅದರ ತಪ್ಪನ್ನು ತಿದ್ದುವವರೇ ಇರಲಿಲ್ಲ.

"ಇಡೀ ಊರಲ್ಲಿ ಊರಗಂಟೆ ಹೇಳೋ ಫೋನು ಇದೊಂದೇ. ಇದರ ಎರಡೂ ಹತ್ತು ಅಂದ್ರೆ ಬೆಳಗಿನ ಎರಡೂ ಹತ್ತು. ಆಗ ಉಸ್ಸಿ ಬದುಕಿದ್ದ. ನೀವೇ ಅವನ ಜೊತೆ ಮಧ್ಯಾಹ್ನದ ನಮಾಜು ಮಾಡಿದ್ರಿ, ಅಜ್ಜ."

ಫಾಕಿ ಗಡ್ಡವನ್ನು ನೀವಿಕೊಂಡನು. ಅವನು ಕ್ರೂರಿಯಲ್ಲ, ಆದರೆ ಮೊಂಡ. "ಗಡಿಯಾರ ತಿರುಗಿಸೋಕೆ ಎಷ್ಟು ಹೊತ್ತು ಬೇಕು ಫುಂಡಿ? ನಿನ್ನೆ ಸಂಜೆ ಕೂತು ತಿರುಗಿಸಿರಬಹುದು. ಬೇರೆ ಯಾರದ್ದಾದ್ರೂ ಫೋನಿನಲ್ಲಿ ಉಸ್ಸಿಯ ಮುನ್ನೂರ ಹನ್ನೆರಡನೇ ಮುತ್ತು ತೋರಿಸು. ಆಗ ಇವಳು ಕೊನೆಯವಳಲ್ಲ ಅಂತ ಒಪ್ತೀನಿ."

"ಕಾಣೆಯಾದ ಉಸ್ಸಿಯ ಫೋನು ಸಿಕ್ಕಿದ್ರೆ ಈಗಲೇ ತೋರಿಸ್ತಿದ್ದೆ."

"ಸಮುದ್ರ ನುಂಗಿರುತ್ತೆ ಬಿಡು," ಎಂದಿತು ಹಿಂದಿನಿಂದ ಒಂದು ದನಿ.

ಪಾಂಡು. ಪೇಟೆಗೂ ದ್ವೀಪಕ್ಕೂ ವಾರವಾರ ದೋಣಿ ನಡೆಸುವವನು. ಉಸ್ಸಿಯ ಹಿರಿಯ ಹೆಂಡತಿ ಸುಬಿರಾಳ ತಮ್ಮ. ಝುವೇನಾಳನ್ನು ಪೇಟೆಗೆ ಸಾಗಿಸುವ ಕೆಲಸವನ್ನು ಯಾರೂ ಹೇಳುವ ಮೊದಲೇ ತನ್ನ ಮೇಲೆ ಹಾಕಿಕೊಂಡವನು. ಅವನ ಕೈಯಲ್ಲಿ ಒಂದು ಕೊಡೆಯಿತ್ತು. ಅದರ ನೆರಳು ಮಾತ್ರ ಅವನ ಮೇಲಿರಲಿಲ್ಲ, ಝುವೇನಾಳ ಮೇಲಿತ್ತು.

"ನುಂಗೋದು ಹೇಗೆ?" ಮಕುಂಗು ತಿರುಗಿದನು. "ನೀರಿಗೆ ಬಿದ್ರೆ ತೇಲಲಿ ಅಂತ ಅವನು ಅದಕ್ಕೆ ಕಿತ್ತಳೆ ಬಣ್ಣದ ಬಲೆಯ ಬೆಂಡು ಕಟ್ಟಿಸ್ಕೊಂಡಿದ್ದ. ಕಟ್ಟಿದ್ದು ನಾನೇ. ನಿನ್ನೆಯಿಂದ ನೀರು ಏರಿ ಇಳಿದು ಮತ್ತೆ ಏರ್ತಿದೆ. ತೇಲೋ ವಸ್ತು ದಡಕ್ಕೆ ಬರಬೇಕಿತ್ತಲ್ಲ?"

"ನನ್ನ ಕೇಳಿದ್ರೆ? ನಾನು ಮೂರು ದಿನದಿಂದ ಭಾವನ ಮುಖಾನೇ ನೋಡಿಲ್ಲ." ಪಾಂಡು ಒಂದು ತಂಬಿಗೆ ನೀರನ್ನು ಝುವೇನಾಳ ಮುಂದಿಟ್ಟನು. "ಲವಂಗ ಹಾಕಿದೀನಿ. ಬರೀ ನೀರು ನಿನಗೆ ಸೇರಲ್ವಲ್ಲ."

ಅವಳು ತಂಬಿಗೆಯನ್ನು ಮುಟ್ಟಲಿಲ್ಲ. ಮಕುಂಗು ಆ ಮಾತನ್ನು ಕೇಳಿದನು. ಅದಕ್ಕೆ ಸಲ್ಲಬೇಕಾದ ಗಮನವನ್ನು ಆಗ ಕೊಡಲಿಲ್ಲ.

ಹಡಗುಕಟ್ಟೆಯ ಕಂಬಕ್ಕೆ ಮೂರು ಗೀರು ಕೆತ್ತಿದ್ದರು. ನೀರು ಮೂರನೆಯ ಗೀರನ್ನು ಮುಟ್ಟಿದ ಹೊರತು ತುಂಬಿದ ದೋಣಿ ಹವಳದ ದಿಬ್ಬವನ್ನು ದಾಟಲಾರದು. ಈಗ ನೀರು ಮೊದಲ ಗೀರಿನಲ್ಲಿತ್ತು.

"ಮೂರನೇ ಗೀರಿನವರೆಗೆ ನಿನಗೆ ಸಮಯ," ಎಂದನು ಫಾಕಿ. "ಅಲ್ಲಿಗೂ ಏನೂ ಸಿಗದಿದ್ರೆ ನಾನೇ ಜೊತೆಗೆ ಹೋಗಿ ಇವಳನ್ನ ಒಪ್ಪಿಸ್ತೀನಿ."

ಝುವೇನಾ ಮೊದಲ ಬಾರಿಗೆ ಮುಖವೆತ್ತಿದಳು. "ಫುಂಡಿ, ಆ ದೋಣಿ ಹತ್ತಿದ್ರೆ ನಾನು ವಾಪಸು ಬರಲ್ಲ. ನನಗೆ ಗೊತ್ತು."

ಅವಳ ಫೋನನ್ನು ಜೇಬಿಗೆ ಹಾಕಿಕೊಂಡು ಮಕುಂಗು ನೇರವಾಗಿ ಸುಬಿರಾಳ ಮನೆಗೆ ನಡೆದನು.

*

ಬಾಗಿಲಿಗೆ ಬಟ್ಟೆಯ ತೆರೆ ಬಿಟ್ಟಿತ್ತು. ಶೋಕದಲ್ಲಿರುವ ಹೆಂಗಸು ಪರಗಂಡಸಿಗೆ ಮುಖ ತೋರಿಸುವಂತಿಲ್ಲ. ಮಕುಂಗು ಹೊರಗಿನ ಕಲ್ಲುಜಗಲಿಯ ಮೇಲೆ ಕುಳಿತನು. ಆ ತೆರೆ ಒಂದು ಸೀರೆತುಂಡಿನಂಥ ಬಟ್ಟೆ. ಅಂಚಿನಲ್ಲಿ ದೊಡ್ಡ ಅಕ್ಷರಗಳಲ್ಲಿ 'ನನ್ನ ಸರದಿ ನನ್ನದು' ಎಂದು ಅಚ್ಚಾಗಿತ್ತು. ಉಸ್ಸಿ ಇಬ್ಬರು ಹೆಂಡಿರ ಮನೆಯಲ್ಲೂ ಸರದಿಯ ಪ್ರಕಾರ ದಿನ ಕಳೆಯುತ್ತಿದ್ದನು. ಅದನ್ನು ಉಟ್ಟು ಸುಬಿರಾ ಸವತಿಯ ಬಾಗಿಲ ಮುಂದೆ ದಿನಕ್ಕೆ ಮೂರು ಸಲ ನೀರಿಗೆ ಹೋಗುತ್ತಿದ್ದಳೆಂದು ಊರಿಗೆಲ್ಲ ಗೊತ್ತಿತ್ತು.

"ಬಂದ್ಯಾ ಫುಂಡಿ? ಬೆಳಿಗ್ಗೆ ಹೇಳಿ ಕಳಿಸಿದ್ದೆ," ಎಂದಿತು ಒಳಗಿನ ದನಿ. ತೆರೆಯ ಕೆಳಗಿನಿಂದ ಒಂದು ಕೈ ಫೋನನ್ನು ಹೊರಗೆ ತಳ್ಳಿತು. "ಗುಂಡಿ ಒತ್ತಿದ್ರೆ ಮೇಲೆ ಬರಲ್ಲ. ಅಳೋಕೆ ಬಂದೋರಿಗೆ ಅಕ್ಕಿ ತರಿಸ್ಬೇಕು, ದುಡ್ಡು ಕೊಡೋಕಾಗ್ತಿಲ್ಲ."

ಅವನು ಪುಟ್ಟ ತಿರುಪುಳಿಯನ್ನು ತೆಗೆದನು. "ಹಿಟ್ಟು ಹೊಕ್ಕಿದೆ. ಹಿಟ್ಟಿನ ಕೈಯಲ್ಲೇ ಒತ್ತೀಯಾ?"

"ಗಂಡ ದುಡ್ಡು ಕೊಡೋಕೆ ಬಂದಾಗ ಕೈ ತೊಳೆಯೋಕೆ ಹೋದ್ರೆ ಅವನು ಇರ್ತಿರಲಿಲ್ಲ. ಯಾವಾಗಲೂ ಅವಸರ. ಇಲ್ಲಿ ಮಾತ್ರ ಅವಸರ."

ಕೊನೆಯ ಮಾತಿನಲ್ಲಿ ವಿಷವಿತ್ತು. ಮಕುಂಗು ತಲೆ ಎತ್ತದೆ ಗುಂಡಿಯನ್ನು ಬಿಡಿಸುತ್ತ ಕೇಳಿದನು: "ಸುಬಿರಾ, ನೀನು ಝುವೇನಾಳ ಫೋನು ಕದ್ದು ನೋಡಿದ್ದು ಯಾವಾಗ?"

ತೆರೆಯ ಕೆಳಗಿನ ಕೈ ಒಳಗೆ ಸರಿಯಿತು.

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಊರಿನ ಹೆಂಗಸರು ಹೇಳೋದು ಇಷ್ಟೇ: ಏಳು ತಿಂಗಳಿಂದ ನೀನು ಗಂಡನ ಜೊತೆ ಮಾತು ಬಿಟ್ಟಿದ್ದೆ. ಅದಕ್ಕೂ ಮುಂಚೆ ಬಿಟ್ಟಿರಲಿಲ್ಲ. ಅವನು ಎರಡನೇ ಮದುವೆ ಆಗಿ ಮೂರು ವರ್ಷ ಆಗಿತ್ತು. ಏಳು ತಿಂಗಳ ಹಿಂದೆ ಏನೋ ಕಂಡಿರಬೇಕು; ಈ ಊರಲ್ಲಿ ನೋಡಿದೋರಿಗೆ ತಪ್ಪರ್ಥ ಕೊಡೋದು ಅವಳ ಫೋನೊಂದೇ."

"ಕಂಡೆ," ಎಂದಳು ಸುಬಿರಾ. ಆಮೇಲೆ ಅಣೆಕಟ್ಟು ಒಡೆದಂತೆ ಮಾತು ಬಂತು. "ಮದುವೆ ಮನೇಲಿ ಆ ಮಹಾರಾಣಿ ಫೋನು ಬಿಟ್ಟು ಕುಣಿಯೋಕೆ ಹೋಗಿದ್ಳು. ನೋಡಿದೆ. ಏನಿತ್ತು ಗೊತ್ತಾ? ನನ್ನ ಸರದಿಯ ದಿನಗಳು, ಒಂದೊಂದೂ. ನನ್ನ ಸರದಿಯ ದಿನ, ಎರಡು ಗಂಟೆಗೆ, ಮುತ್ತು. ಮತ್ತೆ ನನ್ನ ಸರದಿ, ಎರಡು ಗಂಟೆಗೆ, ಮುತ್ತು. ನನ್ನ ಮನೇಲಿ ಕೂತು ನಾನು ಮಾಡಿದ ತೆಂಗಿನಹಾಲಿನ ಅನ್ನ ಉಣ್ತಿದ್ದ. ಬೆರಳು ನೆಕ್ಕಿ ಹೊಗಳ್ತಿದ್ದ. ಆಮೇಲೆ ದೋಣಿಶಾಲೆಗೆ ಹೋಗಿ ಬರ್ತೀನಿ ಅಂತ ಎದ್ದು ಹೋಗ್ತಿದ್ದ. ಹೋಗ್ತಿದ್ದದ್ದು ಅವಳ ಹತ್ರ!"

"ಕೇಳಿದ್ಯಾ ಅವನನ್ನ?"

"ಕೇಳಿ ಅವನ ಬಾಯಿಂದ ಸುಳ್ಳು ಬೇರೆ ಕೇಳ್ಬೇಕಿತ್ತಾ? ಅಂಗಡಿಗೆ ಹೋಗಿ ಈ ಬಟ್ಟೆ ತಂದೆ. ಉಟ್ಟು ತೋರಿಸಿದೆ. ಅವನಿಗೆ ಅರ್ಥಾನೇ ಆಗದ ಹಾಗೆ ನಟಿಸ್ದ."

ಮಕುಂಗು ಝುವೇನಾಳ ಫೋನನ್ನು ತೆಗೆದು ತೆರೆಯ ಕೆಳಗೆ ಸರಿಸಿದನು.

"ಇದರಲ್ಲಿ ಈಗ ಗಂಟೆ ಎಷ್ಟು, ನೋಡಿ ಹೇಳು."

"...ಐದಕ್ಕೆ ಹತ್ತು ನಿಮಿಷ ಇದೆ. ಇದೇನು, ಕೆಟ್ಟಿದೆಯಾ?"

"ಕೆಟ್ಟಿಲ್ಲ. ಅವಳು ಅದಕ್ಕೆ ಊರಗಂಟೆ ಕಲಿಸಿದಾಳೆ. ಇದರ ಎರಡು ಅಂದ್ರೆ ಬೆಳಗಿನ ಎರಡು."

ತೆರೆಯ ಆ ಬದಿಯಲ್ಲಿ ಒಬ್ಬ ಹೆಂಗಸು ಏಳು ತಿಂಗಳಿನ ಒಂದೊಂದು ದಿನವನ್ನೂ ಹಿಂದಕ್ಕೆ ಎಣಿಸುತ್ತಿದ್ದುದು ಅವನಿಗೆ ಕೇಳಿಸುವಂತಿತ್ತು.

"ಬೆಳಿಗ್ಗೆ," ಎಂದಳು ಕೊನೆಗೆ. "ಪಾಚಿ ದಡದಲ್ಲಿ?"

"ಅರ್ಧ ಊರಿನ ಎದುರಿಗೆ. ಅಡುಗೆ ದುಡ್ಡು. ನಿನಗೆ ಬೆಳಕು ಹರಿಯೋಕೆ ಮುಂಚೆ ಎಷ್ಟು ಕೊಡ್ತಿದ್ನೋ ಅಷ್ಟೇ, ಒಂದು ಶಿಲ್ಲಿಂಗೂ ಹೆಚ್ಚಿಲ್ಲ. ಕೊಟ್ಟು ಹೋಗ್ತಿದ್ದ. ಮಧ್ಯಾಹ್ನ ಅವನು ದೋಣಿಶಾಲೆಗೇ ಹೋಗ್ತಿದ್ದ, ಸುಬಿರಾ. ನಿನ್ನ ಸರದಿಯನ್ನ ಅವನು ಯಾವತ್ತೂ ಅವಳಿಗೆ ಕೊಟ್ಟಿರಲಿಲ್ಲ."

ಬಟ್ಟೆಯ ಅಂಚನ್ನು ಒಂದು ಮುಷ್ಟಿ ಹಿಡಿದುಕೊಂಡಿತು. 'ನನ್ನ ಸರದಿ' ಎಂಬ ಅಕ್ಷರಗಳು ಮುದುಡಿದವು.

"ಏಳು ತಿಂಗಳು ನಾನು ಅವನ ಎದುರು ನಗಲಿಲ್ಲ ಫುಂಡಿ. ಮೊನ್ನೆ ಅನ್ನ ಬಡಿಸುವಾಗ, ಸುಬಿರಾ, ನಾನೇನು ತಪ್ಪು ಮಾಡಿದೆ ಹೇಳೇ ಅಂದ. ತಟ್ಟೆ ಕುಕ್ಕಿ ಎದ್ದು ಹೋದೆ."

ಮಕುಂಗು ಕಾದನು. ಕರುಣೆ ಅವನಲ್ಲಿ ಇತ್ತು. ಆದರೆ ನೀರು ಏರುತ್ತಲೂ ಇತ್ತು.

"ನಿನ್ನೆ ಮಧ್ಯಾಹ್ನ ನೀನು ದೋಣಿಶಾಲೆಗೆ ಹೋಗಿದ್ಯಾ?"

"ಇಲ್ಲ. ನಾಲ್ಕು ಮನೆ ಹೆಂಗಸರು ಇಲ್ಲೇ ಅಕ್ಕಿ ಆರಿಸ್ತಿದ್ರು, ಕೇಳು ಹೋಗಿ. ನಾನು ಅವನನ್ನ ಕೊಲ್ಲಲಿಲ್ಲ. ಅವಳೇ ಕೊಂದಿರಬೇಕು ಅಂತ ಕೂಗಿದ್ದು ಮಾತ್ರ ನಾನೇ. ಅವಳು ಸಿಕ್ಕಿಬಿದ್ದಳು ಅಂದಾಗ, ಗಂಡ ಸತ್ತ ಮನೇಲಿ ಕೂತು, ನನಗೆ ಒಂದು ಗಳಿಗೆ ತಣ್ಣಗಾಯ್ತು. ಬರ್ಕೋ ಬೇಕಾದ್ರೆ."

"ಆ ಎರಡು ಗಂಟೆಯ ವಿಷಯ ಬೇರೆ ಯಾರಿಗಾದ್ರೂ ಹೇಳಿದ್ಯಾ?"

ಒಳಗಿನ ಕೈ ಝುವೇನಾಳ ಫೋನನ್ನು ಹೊರಗೆ ತಳ್ಳಿತು.

"ಸುಬಿರಾ?"

"ಗುಂಡಿ ಸರಿಯಾಯ್ತಲ್ಲ. ರಿಪೇರಿ ದುಡ್ಡು ತಗೊಂಡು ಹೋಗು. ಸಾವಿರ ಸಾಕಲ್ಲ?"

ಮಕುಂಗು ಮರುಮಾತಾಡದೆ ಅವಳ ಫೋನನ್ನು ಮರಳಿಸಿ, ತನ್ನದನ್ನು ತೆರೆಯ ಬಳಿಗೆ ಒಯ್ದನು. ಒಳಗಿನ ಕೈ ಮುಂದೆ ಬಂತು. ಎರಡು ಫೋನುಗಳ ಬೆನ್ನು ತಾಗಿದವು. ಟಿಕ್.

ಆ ಸದ್ದಿನೊಂದಿಗೆ, ಮೂವತ್ತು ವರ್ಷ ಯಂತ್ರಗಳ ಹೊಟ್ಟೆ ಬಗೆದವನಿಗೆ, ಬೆಳಗಿನಿಂದ ಹೊಳೆಯದೆ ಇದ್ದದ್ದು ಹೊಳೆಯಿತು.

ಕಾಗದದ ನೋಟಿಗೆ ನೆನಪಿಲ್ಲ; ಈ ಹಣಕ್ಕೆ ಇದೆ. ಗೋಪುರದ ಕಾವಲಿಲ್ಲದ ಊರಿನಲ್ಲಿ ಒಬ್ಬನು ಒಂದೇ ಹಣವನ್ನು ಇಬ್ಬರಿಗೆ ಕೊಟ್ಟು ಮೋಸ ಮಾಡದಿರಲೆಂದು, ಪ್ರತಿಯೊಂದು ಮೊತ್ತವೂ ತಾನು ಹಾದುಬಂದ ಕೈಗಳ ಹೆಸರನ್ನು ತನ್ನ ಜೊತೆಗೇ ಹೊತ್ತು ತಿರುಗುತ್ತದೆ. ಫೋನಿನೊಳಗಿನ ಉಗುರಿನಷ್ಟು ಚಿಪ್ಪು ಅದನ್ನು ಮುದ್ರೆಯೊತ್ತಿ ಕಾಯುತ್ತದೆ. ಬಗೆದು ತಿದ್ದಹೊರಟರೆ ತಾನೇ ಸತ್ತುಹೋಗುತ್ತದೆ. ಪೇಟೆಗೆ ಹೋಗಿ ಗೋಪುರವನ್ನು ಕಂಡಾಗ ಮಾತ್ರ ಆ ನೆನಪು ಒಪ್ಪಿಸಲ್ಪಟ್ಟು ಅಳಿಯುತ್ತದೆ. ಅದುವರೆಗೆ ಅದು 'ಕೈಗಳು' ಎಂಬ ಪುಟದಲ್ಲಿ ಕುಳಿತಿರುತ್ತದೆ. ಆ ಪುಟವನ್ನು ರಿಪೇರಿಯವರಲ್ಲದೆ ಇನ್ನಾರೂ ತೆರೆಯುವುದಿಲ್ಲ.

ಮಕುಂಗು ಅದನ್ನು ತೆರೆದನು. ಈಗಷ್ಟೇ ಬಂದ ಸಾವಿರ ಶಿಲ್ಲಿಂಗಿನ ಕೆಳಗೆ ಮೂರು ಸಾಲುಗಳಿದ್ದವು.

ಮಕುಂಗುವಿಗೆ, ಸುಬಿರಾಳಿಂದ.

ಸುಬಿರಾಳಿಗೆ, ಪಾಂಡುವಿನಿಂದ. ನಿನ್ನೆ ಸಂಜೆ.

ಪಾಂಡುವಿಗೆ, ಉಸ್ಸಿಯಿಂದ. ನಿನ್ನೆ, ಎರಡು ಗಂಟೆ ಇಪ್ಪತ್ತೈದು ನಿಮಿಷ. ಮುನ್ನೂರ ಹನ್ನೆರಡನೆಯ ಮುತ್ತು.

ಪಾಂಡುವಿನ ಫೋನು ವಾರವಾರ ಪೇಟೆಗೆ ಹೋಗಿ ಗೋಪುರದಿಂದ ಸಮಯವನ್ನು ಕಲಿತು ಬರುತ್ತಿತ್ತು. ಅದರ ಎರಡೂ ಇಪ್ಪತ್ತೈದು ಮಧ್ಯಾಹ್ನದ್ದೇ. ಸುತ್ತಿಗೆಯ ಸದ್ದು ನಿಂತದ್ದು ಆಗಲೇ. ಮೂರು ದಿನದಿಂದ ಭಾವನ ಮುಖವನ್ನೇ ನೋಡಿಲ್ಲವೆಂದವನು ಫೋನಿಗೆ ಫೋನು ತಾಗುವಷ್ಟು ಹತ್ತಿರ ನಿಂತು ಅವನ ಕೈಯಿಂದ ಹಣ ಪಡೆದಿದ್ದನು.

"ನಿನ್ನೆ ನಿನ್ನ ತಮ್ಮ ನಿನಗೆ ದುಡ್ಡು ಕೊಟ್ಟನಾ?"

"ಶೋಕದ ಅಡುಗೆಗೆ ಅಂತ ಕೊಟ್ಟ. ಯಾಕೆ?"

"ಅದು ನಿನ್ನ ಗಂಡನ ದುಡ್ಡು. ಸಾಯೋಕೆ ಸ್ವಲ್ಪ ಮುಂಚೆ ಅವನ ಕೈಯಿಂದ ಬಂದದ್ದು. ಎರಡು ಗಂಟೆಯ ವಿಷಯ ನೀನು ಹೇಳಿದ್ದು ಪಾಂಡುಗೆ. ಹೌದಲ್ವಾ?"

ತೆರೆ ಅಲುಗಿತು. ಒಳಗಿನ ದನಿ ಈಗ ಬೇರೆಯೇ ಆಗಿತ್ತು. "ಮೊನ್ನೆ ಹೇಳಿದೆ. ತಡ್ಕೊಳ್ಳೋಕಾಗದೆ ಹೇಳಿದೆ. ಅವನು ನನಗಿಂತ ಹೆಚ್ಚು ಉರಿದ ಫುಂಡಿ. ಹಲ್ಲು ಕಡಿದ. ಹಗಲು ಹೊತ್ತಲ್ಲೂ ಅವಳನ್ನ ಬಿಡಲ್ವಾ ಅವನು ಅಂತ ಗೋಡೆಗೆ ಗುದ್ದಿದ. ಅಕ್ಕನ ಮೇಲೆ ಎಷ್ಟು ಪ್ರೀತಿ ಅಂತ ನಾನು ಹಿಗ್ಗಿದೆ."

"ಅಕ್ಕನ ಮೇಲಾ?"

ತೆರೆಯ ಅಂಚನ್ನು ಆ ಮುಷ್ಟಿ ಮತ್ತೆ ಹಿಡಿಯಿತು.

"ಅವಳನ್ನ ಮೊದಲು ಕೇಳಿದ್ದು ಪಾಂಡುನೇ," ಎಂದಳು ಸುಬಿರಾ. "ಅವಳಪ್ಪ ಉಸ್ಸಿಗೆ ಕೊಟ್ಟ. ಮರೆತಿದ್ದಾನೆ ಅಂದ್ಕೊಂಡಿದ್ದೆ. ಅಯ್ಯೋ, ಅವನು ಉರಿದಿದ್ದು ನನಗಾಗಿ ಅಲ್ಲ!"

ಲವಂಗ ಹಾಕಿದ ನೀರು. ಅವಳ ಮೇಲೆ ಮಾತ್ರ ಬಿದ್ದಿದ್ದ ಕೊಡೆಯ ನೆರಳು. ಮಕುಂಗು ಎದ್ದು ನಿಂತನು. ಆ ಕ್ಷಣಕ್ಕೆ ಸರಿಯಾಗಿ ಕಡಲ ಕಡೆಯಿಂದ ಎಂಜಿನು ಕೆಮ್ಮಿ ಹೊತ್ತಿಕೊಂಡ ಸದ್ದು ಬಂತು.

"ಮೂರನೇ ಗೀರಿಗೆ ನೀರು ಬಂತಾ?" ಎಂದಳು ಸುಬಿರಾ.

"ಇಷ್ಟು ಬೇಗ ಬರಲ್ಲ. ತುಂಬಿದ ದೋಣಿಗೆ ಮೂರನೇ ಗೀರು ಬೇಕು. ಇಬ್ಬರೇ ಇದ್ರೆ ಎರಡನೆಯದು ಸಾಕು."

ಅವನು ಓಡಿದನು. ಹಿಂದೆ ಬಟ್ಟೆ ಹರಿದ ಸದ್ದಾಯಿತು. ಹೊಸ್ತಿಲು ದಾಟಬಾರದ ಸುಬಿರಾ ಬಿಳಿ ಬಟ್ಟೆಯಲ್ಲಿ, ಬರಿಗಾಲಿನಲ್ಲಿ, ಊರೆಲ್ಲ ನೋಡುತ್ತಿರುವಂತೆಯೇ ಅವನ ಹಿಂದೆ ಓಡಿಬರುತ್ತಿದ್ದಳು.

ಹಡಗುಕಟ್ಟೆಯ ತುದಿಯಲ್ಲಿ ಫಾಕಿ ಊರುಗೋಲೆತ್ತಿ ಬೊಬ್ಬೆ ಹಾಕುತ್ತಿದ್ದನು. "ಏ ಪಾಂಡು! ನಾನು ಹತ್ತೇ ಇಲ್ವಲ್ಲೋ! ಹಗ್ಗ ಬಿಚ್ಚಿ ಕೊಡಿ ಅಂದವನು ನನ್ನನ್ನೇ ಬಿಟ್ಟು ಹೋಗ್ತಿದಾನೆ!"

ದೋಣಿ ದಡದಿಂದ ನೂರು ಮಾರು ದೂರದಲ್ಲಿತ್ತು. ಪೇಟೆ ಉತ್ತರಕ್ಕೆ, ಅದರ ಮೂತಿ ದಕ್ಷಿಣದ ತೆರೆದ ಕಡಲಿಗೆ ತಿರುಗಿತ್ತು. ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದಿದ್ದ ಪಾಂಡು ದಡದವರ ಕೂಗು ಕೇಳಿ ಇತ್ತ ತಿರುಗಿ ನಿಂತಿದ್ದನು. ಅವನ ಬೆನ್ನು ಝುವೇನಾಳ ಕಡೆಗಿತ್ತು.

ಮಕುಂಗುವಿನ ಜೇಬಿನಲ್ಲಿ ಎರಡು ಫೋನುಗಳಿದ್ದವು. ಗೋಪುರವಿಲ್ಲದ ಕಡಲಿನಲ್ಲಿ ಅವು ತಾಗಿದಾಗಲಷ್ಟೇ ಮಾತಾಡಬಲ್ಲವು, ಯಾರನ್ನೂ ಕರೆಯಲಾರವು.

"ಫುಂಡಿ, ಅಲ್ಲಿ!" ಸುಬಿರಾ ಅವನ ತೋಳನ್ನು ಹಿಡಿದಳು. "ಅವಳ ಕೈ ನೋಡು!"

ದೋಣಿಯ ಮುಂಬದಿಯಲ್ಲಿ ಝುವೇನಾ ಎದ್ದು ನಿಂತಿದ್ದಳು. ಕಾಲ ಬಳಿಯ ಹಲಗೆಯೊಂದು ಮೇಲೆದ್ದಿತ್ತು. ಅವಳು ಬಲಗೈಯನ್ನು ತಲೆಗಿಂತ ಮೇಲಕ್ಕೆತ್ತಿ ದಡದವರಿಗೆ ಏನನ್ನೋ ತೋರಿಸುತ್ತಿದ್ದಳು. ಆ ಕೈಯಿಂದ ಜೋತಾಡುತ್ತ, ನಡುಹಗಲಿನ ಬಿಸಿಲಿನಲ್ಲಿ ಕೆಂಡದಂತೆ ಹೊಳೆಯುತ್ತಿತ್ತು, ಒಂದು ಕಿತ್ತಳೆ ಬಣ್ಣದ ಬೆಂಡು.

ದಡದ ಮೇಲಿನ ನೂರು ಕಣ್ಣುಗಳು ತನ್ನನ್ನಲ್ಲ, ತನ್ನ ಬೆನ್ನ ಹಿಂದಿನದನ್ನು ನೋಡುತ್ತಿವೆಯೆಂಬುದು ಪಾಂಡುವಿಗೆ ಆಗ ತಿಳಿಯಿತು. ಅವನು ಎಂಜಿನನ್ನು ಆರಿಸಿ, ಚುಕ್ಕಾಣಿಯಿಂದ ನಿಧಾನವಾಗಿ ಕೈ ತೆಗೆದನು.